ಇರುವೆ ಹತ್ತಿದ ಕೌದಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಸೂಜಿ ಹಿಡಿಯಲು ಬರುತ್ತಿದ್ದುದು ಅವ್ವನಿಗೆ ಮಾತ್ರ. ಅಪ್ಪನ ಅಂಗಿಯ ಗುಂಡಿ ಕಿತ್ತರೂ ಅವ್ವ, ನನ್ನ ಚಡ್ಡಿ ಹರಿದರೂ ಅವ್ವ. ನಾವೆಲ್ಲ ಹೊದೆಯುತ್ತಿದ್ದ ಕೌದಿಗಳಂತೂ ಪೂರಾ ಅವಳ ಕೈಯವೇ. ಕೌದಿ ಎಂದರೆ, ಮೊಮ್ಮಕ್ಕಳೇ, ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಎಲ್ಲ ಸೇರಿ ಒಂದೇ ಬಟ್ಟೆಯಾಗುವಂತೆ ಕೈಯಲ್ಲಿ ಹೊಲಿದ ಹೊದಿಕೆ ಅದು. ಅಂಥ ಅವ್ವ ಮನೆಯಲ್ಲಿಲ್ಲದ ಒಂದು ಭಾನುವಾರ, ಸೂಜಿಗೆ ದಾರ ಪೋಣಿಸಲೂ ಸರಿಯಾಗಿ ಬಾರದ ಅಪ್ಪ, ಅಕ್ಕ, ನಾನು ಮೂವರೂ ಸೇರಿ ಒಂದು ಕೌದಿ ಹೊಲಿದೆವು. ಹೊಲಿಯದೆ ಬೇರೆ ದಾರಿ ಇರಲಿಲ್ಲ.

ನಾವು ಬಾಗಲಕೋಟೆ ಕಡೆಯವರು. ಅಪ್ಪನಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಬೆಂಗಳೂರಿಗೆ ಬಂದಿದ್ದೆವು. ಬೆಂಗಳೂರು ಎಂದು ಊರಿನವರಿಗೆಲ್ಲ ಜಂಬದಿಂದ ಹೇಳುತ್ತಿದ್ದೆವಾದರೂ ಇದ್ದದ್ದು ಯಲಹಂಕದ ಆಚೆ, ಕೋಗಿಲಿನಲ್ಲಿ. ಕೋಗಿಲು ಆಗ ಅಪ್ಪಟ ಹಳ್ಳಿ. ನಮ್ಮದು ಒಂದು ದೊಡ್ಡ ಹೆಂಚಿನ ಮನೆಯ ಪಕ್ಕಕ್ಕೆ ಅಂಟಿಕೊಂಡಿದ್ದ ಎರಡು ಕೋಣೆಯ ಬಾಡಿಗೆ ಮನೆ. ಹಿಂದುಗಡೆ ದ್ರಾಕ್ಷಿ ತೋಟ. ಬಳ್ಳಿಗಳಿಗೆ ರೋಗ ಬಾರದಂತೆ ಮೈಲುತುತ್ತು ಹೊಡೆದ ದಿನ ಬಾಯಿಯೆಲ್ಲ ಕಹಿಯಾದಂತೆ ಅನ್ನಿಸುತ್ತಿತ್ತು. ಚಳಿಗಾಲದಲ್ಲಿ ಬೆಳಗ್ಗೆ ಬಾಗಿಲು ತೆಗೆದರೆ ಎದುರಿನ ರಾಗಿ ಹುಲ್ಲಿನ ಬಣವೆ ಕೂಡ ಕಾಣದಷ್ಟು ಮಂಜು. ನಮ್ಮ ಕಡೆಯ ಬಿಸಿಲಿನಲ್ಲಿ ಬೆಳೆದ ನಮಗೆ ಆ ಚಳಿ ಎಂದರೆ ಹೆದರಿಕೆ.

ಆ ವರ್ಷ ಅವ್ವ ಬಸುರಿ. ಹೆರಿಗೆಗೆ ತವರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಲ್ಲಿ ಅವ್ವನ ಅವ್ವ ಇದ್ದಳು, ತೊಟ್ಟಿಲು, ಕೌದಿ, ಬಾಣಂತನ ಎಲ್ಲ ಅವಳ ಪಾಲಿನದು. ಆದರೆ ಹೊಟ್ಟೆಯಲ್ಲಿದ್ದ ಕೂಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಒಂದು ತಿಂಗಳು ಮುಂಚೆಯೇ ಯಲಹಂಕದ ಆಸ್ಪತ್ರೆಯಲ್ಲಿ ಹುಟ್ಟಿಬಿಟ್ಟಿತು. ಹೆಣ್ಣು ಕೂಸು, ಬಲು ಸಣ್ಣದು. ಅಪ್ಪ ನೋಡಿಕೊಂಡು ಬಂದು ತಮ್ಮ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ತೋರಿಸಿದರು. ಅಷ್ಟೇ ಇತ್ತಂತೆ.

"ಬೆಚ್ಚಗ ಇಟ್ರ ಉಳೀತದ ಅಂತ ಡಾಕ್ಟರಮ್ಮ ಹೇಳ್ಯಾರ" ಎಂದಷ್ಟೇ ಹೇಳಿ ಅಪ್ಪ ಗೋಡೆಗೆ ಒರಗಿ ಕೂತರು. ಕಾಲಿನ ಚಪ್ಪಲಿ ಬಿಡುವುದನ್ನೂ ಮರೆತಿದ್ದರು. ನನಗೆ ಅಳು ಬಂತು.

ಭಾನುವಾರ ಸಂಜೆ ಅವ್ವ ಕೂಸನ್ನು ಕರೆದುಕೊಂಡು ಮನೆಗೆ ಬರುವವಳಿದ್ದಳು. ಮನೆಯಲ್ಲಿ ಕೂಸಿಗೆಂದು ಒಂದು ಚಿಂದಿ ಬಟ್ಟೆಯೂ ಇರಲಿಲ್ಲ. ಹುಟ್ಟುವ ಮುಂಚೆ ಕೂಸಿಗೆಂದು ಹೊಲಿದಿಟ್ಟರೆ ದೃಷ್ಟಿಯಾಗುತ್ತದೆ ಎಂದು ನಮ್ಮವರ ಅಂಜಿಕೆ. ನಾವು ಹೊದೆಯುವ ಕೌದಿಗಳು ದೊಡ್ಡವು, ಭಾರ, ಅವುಗಳಡಿ ಬೊಗಸೆಯಷ್ಟಿದ್ದ ಕೂಸು ಉಸಿರಾಡುವುದಾದರೂ ಹೇಗೆ? ಕಂಬಳಿ ಇತ್ತು, ಅದು ನಮಗೇ ಚುಚ್ಚುತ್ತಿತ್ತು. ಅವತ್ತು ಬೆಳಗ್ಗೆ ಎದ್ದು ಚಹಾ ಕುಡಿಯುತ್ತ ಅಪ್ಪ ಇದನ್ನೆಲ್ಲ ಲೆಕ್ಕ ಹಾಕಿದರು. ಲೋಟ ಕೆಳಗಿಟ್ಟು, "ಇವತ್ತ ನಾವ ಹೊಲಿಯೋಣು" ಎಂದರು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಶಾಲೆಯಲ್ಲಿ ಒಂದು ಕರವಸ್ತ್ರದ ಅಂಚು ಹೊಲಿದದ್ದು ಬಿಟ್ಟರೆ ಅವಳ ಅನುಭವವೂ ಸೊನ್ನೆಯೇ. "ಅಪ್ಪಾ, ನಿನಗ ಬರ್ತದೇನು?" ಎಂದು ಕೇಳಿದಳು.

"ನಮ್ಮವ್ವ ಹೊಲಿಯೂದು ನೋಡೇನಿ. ನೋಡಿದ್ರ ಬರ್ತದೇನು, ಬರೂದಿಲ್ಲ. ಆದ್ರೂ ನೋಡೇನಿ" ಎಂದರು ಅಪ್ಪ.

ಮೊದಲು ಬಟ್ಟೆ ಹುಡುಕಿದೆವು. ಅಪ್ಪ ಟ್ರಂಕು ತೆರೆದು ಅವ್ವನ ಸವೆದ ಇಳಕಲ್ ಸೀರೆ, ತಮ್ಮ ಹಳೆಯ ಧೋತರ, ಅಕ್ಕನಿಗೆ ಗಿಡ್ಡವಾಗಿದ್ದ ಲಂಗ ಎಲ್ಲ ಹೊರಗೆ ಹಾಕಿದರು. ಒಳಗಿನಿಂದ ಬೇವಿನೆಲೆಯ ವಾಸನೆ ಬಂತು. ಯಾವುದು ಮೆತ್ತಗಿದೆ ಎಂದು ತಿಳಿಯಬೇಕಲ್ಲ. ಅಪ್ಪ ಒಂದೊಂದನ್ನೇ ತಮ್ಮ ಕೆನ್ನೆಗೆ ಉಜ್ಜಿಕೊಂಡರು. ಎರಡು ದಿನದ ಗಡ್ಡದ ಕೆನ್ನೆಗೆ ಏನು ಗೊತ್ತಾಗುತ್ತದೆ? ಕೊನೆಗೆ ನನ್ನನ್ನು ಎಳೆದು ಕೂರಿಸಿಕೊಂಡು ನನ್ನ ಕೆನ್ನೆಗೆ ಉಜ್ಜಿ ನೋಡಿದರು. ಹೊಸ ಬಟ್ಟೆಯೆಲ್ಲ ಒರಟು, ಹಳೆಯದೆಲ್ಲ ಬೆಣ್ಣೆ. ನೂರಾರು ಸಲ ಒಗೆದು ಒಗೆದು ತೆಳ್ಳಗಾದ ಹತ್ತಿ ಬಟ್ಟೆಗೆ ಬರುವ ಆ ಮೆತ್ತನೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ನನಗೆ ತಿಳಿದದ್ದು ಅವತ್ತು.

ಒಂದು ತೊಡಕು ಉಳಿಯಿತು. ಕೂಸಿನ ಮೊದಲ ಕೌದಿಯಲ್ಲಿ ಅಜ್ಜಿಯೊಬ್ಬಳ ಸೀರೆ ಇರಲೇಬೇಕು, ಅವಳ ಆಯುಸ್ಸು ಕೂಸಿಗೆ ಬರಲಿ ಎಂದು. ನಮ್ಮ ಅಜ್ಜಿಯರಿಬ್ಬರೂ ಇದ್ದದ್ದು ಒಂದು ಹಗಲು ಒಂದು ರಾತ್ರಿ ರೈಲಿನ ದೂರದಲ್ಲಿ. ಅಪ್ಪ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಪಕ್ಕದ ದೊಡ್ಡ ಮನೆಗೆ ಹೋದರು. ಆ ಮನೆಯ ಒಡತಿ ಅಜ್ಜಿ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೆ ಕೌದಿ ಎಂದರೇನೆಂದೇ ಗೊತ್ತಿರಲಿಲ್ಲ, ಅವರ ಕಡೆ ಎಲ್ಲ ಕಂಬಳಿಯೇ. ಆದರೂ ವಿಷಯ ಕೇಳಿ ಒಳಗೆ ಹೋಗಿ ಒಂದು ಹಳೆಯ ಹಸಿರು ಸೀರೆ ತಂದುಕೊಟ್ಟರು. ಅದರ ಮಡಿಕೆಗಳಿಗೂ ಅವರೆಕಾಯಿಯ ಸೊಗಡು ಹತ್ತಿತ್ತು.

ಇನ್ನು ಹೊಲಿಯುವುದು ಶುರುವಾಯಿತು. ನೆಲ ಒರೆಸಿ, ಹಸಿರು ಸೀರೆಯನ್ನು ಮಡಿಸಿ ಹಾಸಿ, ಅದರ ಮೇಲೆ ಧೋತರ, ಮೇಲೆ ಇಳಕಲ್ ಸೀರೆ, ಲಂಗಗಳ ತುಂಡುಗಳು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಹೇರಿದೆವು. ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು ಎನ್ನುವುದೊಂದು ಅಪ್ಪನಿಗೆ ಚೆನ್ನಾಗಿ ನೆನಪಿತ್ತು. ಸೂಜಿ ಎಂದು ಅವರು ತಂದದ್ದು ಮಾತ್ರ ಗೋಣಿಚೀಲ ಹೊಲಿಯುವ ದಬ್ಬಣ. ಅದು ಚುಚ್ಚಿದಲ್ಲೆಲ್ಲ ಕಾಳು ಉದುರುವಷ್ಟು ತೂತು. ಅಕ್ಕ ನಕ್ಕು ನಕ್ಕು ಬಿದ್ದಳು. ಆಮೇಲೆ ಅವ್ವನ ಡಬ್ಬಿಯಿಂದ ಸಣ್ಣ ಸೂಜಿಗಳನ್ನು ತೆಗೆದು, ಒಂದೊಂದನ್ನು ಹಿಡಿದು, ಮೂವರೂ ಮೂರು ಕಡೆ ಕೂತೆವು.

ಮೇಲಿಂದ ಮೇಲೆ ಪೋಣಿಸುವ ಕಷ್ಟ ಬೇಡವೆಂದು ನಾನು ಮಾರುದ್ದದ ದಾರ ತೆಗೆದುಕೊಂಡೆ. ಅದು ಎಳೆದಾಗಲೆಲ್ಲ ಗಂಟು, ಗಂಟು ಬಿಡಿಸಿದರೆ ಇನ್ನೊಂದು ಗಂಟು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಕ್ಕ ಅಣಕಿಸಿದಳು. ಮೊಳದುದ್ದ ಮಾಡಿಕೊಂಡ ಮೇಲೆ ಸೂಜಿ ಓಡಿತು. ಅಪ್ಪನ ಕೈ ಕಬ್ಬಿಣ ಹಿಡಿದು ಹಿಡಿದು ದಪ್ಪಗಾದದ್ದು, ಸೂಜಿ ಅವರ ಬೆರಳುಗಳ ನಡುವೆ ಕಳೆದೇ ಹೋಗುತ್ತಿತ್ತು. ಆದರೂ ನಾಲಗೆಯನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡು, ಒಂದು ಹೊಲಿಗೆ ಹಾಕಿ ಒಂದು ಉಸಿರು ಬಿಡುತ್ತ, ಎಮ್ಮೆ ಕೆರೆ ದಾಟುವ ಹಾಗೆ ನಿಧಾನವಾಗಿ ಮುಂದೆ ಹೋಗುತ್ತಿದ್ದರು.

ತೊಂದರೆಯಾದದ್ದು ಅಕ್ಕನದು. ಅವಳದು ನಮ್ಮಿಬ್ಬರಿಗಿಂತ ಅಚ್ಚುಕಟ್ಟು ಕೈ. ಅದಕ್ಕೇ ಯಾವ ಹೊಲಿಗೆಯೂ ಅವಳ ಕಣ್ಣಿಗೆ ಸರಿ ಕಾಣುತ್ತಿರಲಿಲ್ಲ. ಗೇಣುದ್ದ ಹೊಲಿಯುವುದು, ತಲೆ ವಾರೆ ಮಾಡಿ ನೋಡುವುದು, ಬಿಚ್ಚುವುದು. ಮತ್ತೆ ಹೊಲಿಯುವುದು, ಮತ್ತೆ ಬಿಚ್ಚುವುದು. ಬಿಸಿಲು ಬಾಗಿಲಿನಿಂದ ಒಳಗೆ ಬಂದು ಮತ್ತೆ ಹೊರಗೆ ಹೋಗತೊಡಗಿದರೂ ಅವಳ ಕಡೆಯ ಅಂಚು ಹಾಗೇ ಇತ್ತು. ಕಡೆಗೆ ಸೂಜಿ ಎಸೆದು, ಮೊಣಕಾಲಿನಲ್ಲಿ ಮುಖ ಹುದುಗಿಸಿ ಅಳತೊಡಗಿದಳು. "ನನ್ನೊಬ್ಬಾಕಿಯಿಂದ ಕೂಸಿಗೆ ಕೌದಿ ಇಲ್ದಂಗ ಆಗ್ತದ" ಎಂದು ಬಿಕ್ಕಿದಳು. ನಾವೆಲ್ಲ ಬಾಯಿ ಬಿಟ್ಟು ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಭಯ ಅದು.

ಅದೇ ಹೊತ್ತಿಗೆ ಒಡತಿ ಅಜ್ಜಿ ಅವರೆಕಾಳಿನ ಸಾರಿನ ಪಾತ್ರೆ ಹಿಡಿದು ಬಂದರು. ಅಕ್ಕನನ್ನು ನೋಡಿದರು, ಬಿಚ್ಚಿ ಬಿಚ್ಚಿ ರಾಶಿ ಬಿದ್ದಿದ್ದ ದಾರದ ತುಂಡುಗಳನ್ನು ನೋಡಿದರು.

"ಇಂಗೆ ಬಿಚ್ತಾ ಕುಂತ್ಕಂಡ್ರೆ ಆ ಮಗೀನ ಮದ್ವೆ ಒತ್ಗೆ ಮುಗೀತದೆ ನಿಮ್ ಕೌದಿ" ಎಂದರು. "ಅದೇನು ಕಣ್ಬುಟ್ಟು ನಿನ್ ಒಲಿಗೆ ಎಣಿಸ್ತದಾ? ಅದಕ್ಕೆ ಚಳಿ ಆಗ್ತದಾ ಇಲ್ವಾ ಅಷ್ಟೇಯ. ಓಗ್ಲಿ ಬುಡು, ಸೊಟ್ಟಗಿದ್ರೆ ಇರ್ಲಿ, ಮುಂದಕ್ ಒಲಿ."

ಅಕ್ಕ ಅಳುತ್ತಲೇ ನಕ್ಕಳು. ಅಪ್ಪ ಸೂಜಿ ಹುಡುಕಿ ಅವಳ ಕೈಗೆ ಕೊಟ್ಟು, "ಬಿಚ್ಚಬ್ಯಾಡವ್ವಾ, ಮುಂದ ಹೋಗು" ಎಂದರು. ಅದಾದ ಮೇಲೆ ಅವಳು ಹಿಂದಕ್ಕೆ ನೋಡಲಿಲ್ಲ. ಒಂದು ವಿಚಿತ್ರ ಹೇಳುತ್ತೇನೆ ಕೇಳಿ. ಮೊದಲನೆಯ ಸುತ್ತಿನಲ್ಲಿ ನಮ್ಮ ಮೂವರ ಹೊಲಿಗೆಯೂ ಕುಡಿದವನ ನಡಿಗೆಯಂತಿತ್ತು. ಬಿಚ್ಚದೆ ಹೊಲಿಯುತ್ತ ಹೋದಂತೆ, ಮೂರನೆಯದೋ ನಾಲ್ಕನೆಯದೋ ಸುತ್ತಿಗೆ, ಕೈ ತಾನಾಗಿಯೇ ದಾರಿ ಹಿಡಿಯಿತು. ಯಾರೂ ಕಲಿಸಲಿಲ್ಲ. ಸುತ್ತು ಚಿಕ್ಕದಾಗುತ್ತ ಬಂದ ಹಾಗೆ ದೂರ ದೂರ ಕೂತಿದ್ದ ನಾವು ಹತ್ತಿರ ಹತ್ತಿರ ಸರಿದು, ನಡುವಿಗೆ ಬರುವಾಗ ಮೂವರ ತಲೆಗಳೂ ಒಂದಕ್ಕೊಂದು ತಾಗುತ್ತಿದ್ದವು. ಅಪ್ಪನ ತಲೆಯ ಎಣ್ಣೆ ವಾಸನೆ ನನಗೆ ಇನ್ನೂ ನೆನಪಿದೆ.

ನಡುವಿನ ಕೊನೆಯ ತುಂಡಿಗೆ ನಮ್ಮ ಕಡೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಆ ಹೊಟ್ಟೆ ಖಾಲಿ ಇರಬಾರದು. ಹಸಿದ ಕೌದಿ ಹೊದ್ದವರೂ ಹಸಿದಿರುತ್ತಾರೆ ಎಂದು ನಂಬಿಕೆ. ಅದಕ್ಕಾಗಿ ಒಂದು ಚೂರು ರೊಟ್ಟಿಯನ್ನೋ ಚಿಟಿಕೆ ಸಕ್ಕರೆಯನ್ನೋ ಒಳಗಿಟ್ಟು ಮುಚ್ಚಿ ಹೊಲಿಯುತ್ತಾರೆ. ಅಪ್ಪನಿಗೆ ಇದು ನೆನಪಿತ್ತು, ಎಷ್ಟು ಇಡಬೇಕು ಎನ್ನುವುದು ಮಾತ್ರ ನೆನಪಿರಲಿಲ್ಲ. ಬಡಕಲು ಕೂಸು, ಹೊಟ್ಟೆ ತುಂಬ ಇರಲಿ ಎಂದು ಅರ್ಧ ಜೋಳದ ರೊಟ್ಟಿ ಮುರಿದು, ಅದರೊಳಗೆ ನಿಂಬೆಹಣ್ಣಿನ ಗಾತ್ರದ ಬೆಲ್ಲ ಇಟ್ಟು, ಮೇಲೆ ಕೆಂಪು ತುಂಡು ಮುಚ್ಚಿ ಹೊಲಿದೇಬಿಟ್ಟರು. ಅದನ್ನು ತಟ್ಟಿ ನೋಡಿ, "ಇನ್ನ ನಮ್ಮ ಕೂಸಿಗೆ ಎಂದೂ ಉಪವಾಸ ಇಲ್ಲ" ಎಂದರು. ಕೌದಿಯನ್ನು ಜಗುಲಿಯ ಬಿಸಿಲಿಗೆ ಹರವಿ, ಮುಖ ತೊಳೆದುಕೊಂಡು, ಅವ್ವನನ್ನು ಕರೆತರಲು ಜಟಕಾ ಮಾಡಿಕೊಂಡು ಹೊರಟುಹೋದರು.

ನಾನೂ ಅಕ್ಕನೂ ಮನೆ ಗುಡಿಸಿ, ನೀರು ಕಾಯಿಸಲು ಒಲೆ ಹಚ್ಚಿದೆವು. ಬಿಸಿಲು ಇಳಿಯುವ ಹೊತ್ತಿಗೆ ಕೌದಿ ಒಳಗೆ ತರಲು ಹೋದ ಅಕ್ಕ ಕಿಟಾರನೆ ಕಿರುಚಿದಳು. ಓಡಿ ಹೋಗಿ ನೋಡಿದರೆ ದ್ರಾಕ್ಷಿ ತೋಟದ ಬೇಲಿಯಿಂದ ಜಗುಲಿಯವರೆಗೆ ಕೆಂಪಿರುವೆಯ ಸಾಲು. ಕೌದಿಯ ಹೊಟ್ಟೆಯ ಮೇಲೆ ಇರುವೆಗಳ ಜಾತ್ರೆ. ಒಂದೊಂದು ಹೊಲಿಗೆಯ ಸಂದಿನಿಂದಲೂ ಒಳಗೆ ಹೋಗುತ್ತಿದ್ದವು, ಬೆಲ್ಲದ ಪುಡಿ ಹೊತ್ತು ಹೊರಗೆ ಬರುತ್ತಿದ್ದವು. ಇದರಲ್ಲಿ ಕೂಸನ್ನು ಮಲಗಿಸುವುದೇ? ಅಪ್ಪ ಇರಲಿಲ್ಲ. ಜಟಕಾ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು.

ನಮ್ಮ ಕೂಗು ಕೇಳಿ ಒಡತಿ ಅಜ್ಜಿ ಬಂದರು. "ಅಯ್, ನಿಮ್ಮಪ್ಪನ್ ಬುದ್ಧಿಗಿಷ್ಟು! ಬೆಲ್ಲ ಇಕ್ಕಿದ್ ಮ್ಯಾಕೆ ಇರುವೆ ಬರ್ದೆ ಆನೆ ಬತ್ತದಾ?" ಎಂದು ತಲೆ ಚಚ್ಚಿಕೊಂಡರು. ಆಮೇಲೆ ಅಕ್ಕನ ಕಡೆ ತಿರುಗಿ, "ಬೆಳಗಿಂದ ಬಿಚ್ಚಿದ್ಯಲ್ಲ, ಈಗ್ ಬಿಚ್ಚು ನೋಡಾನ" ಎಂದರು.

ಬಿಚ್ಚುವುದರಲ್ಲಿ ಅಕ್ಕನಷ್ಟು ಪಳಗಿದ ಕೈ ಅವತ್ತು ಇಡೀ ಕೋಗಿಲಿನಲ್ಲಿ ಇರಲಿಲ್ಲ. ಇರುವೆಗಳು ಬೆರಳು ಬೆರಳಿಗೂ ಕಚ್ಚುತ್ತಿದ್ದರೂ ಕೆಂಪು ತುಂಡನ್ನು ಹರಿಯದಂತೆ ಎಳೆ ಎಳೆಯಾಗಿ ಬಿಚ್ಚಿದಳು. ಅಂಟಂಟಾದ ರೊಟ್ಟಿ ಬೆಲ್ಲವನ್ನು ಅಜ್ಜಿ ಬೇಲಿಯಾಚೆ ಎಸೆದರು. ನಾನು ಕೌದಿಯನ್ನು ಕೊಡವಿದೆ, ಕಂಬಕ್ಕೆ ಬಡಿದೆ, ಮತ್ತೆ ಕೊಡವಿದೆ. ಬೆಲ್ಲ ತಾಗಿದ ಜಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಲೆಯ ಕಾವಿಗೆ ಹಿಡಿದು ಒಣಗಿಸಿದೆವು. ಒಂದೇ ಒಂದು ಇರುವೆಯೂ ಉಳಿದಿಲ್ಲ ಎಂದು ಅಕ್ಕ ಹೊಲಿಗೆ ಹೊಲಿಗೆಯನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

ಈಗ ಹೊಟ್ಟೆಗೆ ಏನಿಡುವುದು? ಖಾಲಿ ಬಿಡಲು ಅಕ್ಕನಿಗೂ ನನಗೂ ಧೈರ್ಯವಿಲ್ಲ. ಅಜ್ಜಿ ಕೇಳಿದ ಮೇಲೆ ನಂಬಿಕೆಯ ವಿಷಯ ಹೇಳಿದೆವು. ಅವರು ನಗಲಿಲ್ಲ. ಮನೆಗೆ ಹೋಗಿ ಒಂದು ಚಿಟಿಕೆ ರಾಗಿ ತಂದರು. "ಒಟ್ಟೆ ಬರಿದಾಗಿರ್ಬಾರ್ದು ಅಂದ್ರೆ ಇದನ್ನ ಇಕ್ಕು ಮಗಾ. ಎಷ್ಟ್ ವರ್ಸ ಇಟ್ರೂ ರಾಗಿಗೆ ಉಳ ಬೀಳಾಕಿಲ್ಲ. ಈ ಮಣ್ಣಲ್ಲಿ ಉಟ್ಟಿರೋ ಮಗು ಅಲ್ವಾ, ಈ ಮಣ್ಣಿಂದೇ ತಿನ್ಲಿ" ಎಂದರು. ಅಕ್ಕನ ಬೆರಳುಗಳು ಊದಿಕೊಂಡು ಸೂಜಿ ಹಿಡಿಯಲು ಆಗುತ್ತಿರಲಿಲ್ಲ. ಕೊನೆಯ ತುಂಡನ್ನು ನಾನು ಹೊಲಿದೆ. ಗಂಟು ಹಾಕಿ ದಾರ ಕಚ್ಚಿ ಕಡಿಯುವಾಗ ಬೀದಿಯಲ್ಲಿ ಕುದುರೆಯ ಗೊರಸಿನ ಸದ್ದು ಕೇಳಿತು.

ಅವ್ವ ನಿಧಾನವಾಗಿ ಇಳಿದಳು. ಕೂಸು ಅವಳ ಸೆರಗಿನೊಳಗೆ ಎಲ್ಲಿದೆ ಎಂದೇ ಕಾಣಲಿಲ್ಲ. ಅಪ್ಪ ಕೌದಿಯನ್ನು ಅವಳ ಮುಂದೆ ಹಾಸಿ, ಪರೀಕ್ಷೆಗೆ ಕೂತ ಹುಡುಗನಂತೆ ದೂರ ನಿಂತರು. ಅವ್ವ ಕೂತು ಅದರ ಮೇಲೆ ಕೈಯಾಡಿಸಿದಳು.

"ಯಾರು ಎಲ್ಲಿ ಹೊಲ್ದೀರಿ ಅಂತ ಹೇಳಬ್ಯಾಡ್ರಿ, ನಾನ ಹೇಳ್ತೀನಿ" ಎಂದು ಬೆರಳಿಟ್ಟು ತೋರಿಸಿದಳು. ದಪ್ಪ ಹೊಲಿಗೆ ಅಪ್ಪನದು, ಸಣ್ಣದು ಅಕ್ಕನದು. ಒಂದು ಕಡೆ ಹೊಲಿಗೆಗಳು ಇದ್ದಕ್ಕಿದ್ದಂತೆ ಕಪ್ಪೆ ನೆಗೆದ ಹಾಗೆ ದೂರ ದೂರ ಬಿದ್ದಿದ್ದವು. "ಇಲ್ಲಿ ನಿನಗ ಹೊಟ್ಟಿ ಹಸ್ದಿತ್ತು, ಹೌದಿಲ್ಲೋ?" ಎಂದು ನನ್ನನ್ನು ಕೇಳಿದಳು. ಹೌದು, ಅದು ಅವರೆಕಾಳಿನ ಸಾರು ಬರುವುದಕ್ಕೆ ಸ್ವಲ್ಪ ಮುಂಚೆ ಹೊಲಿದದ್ದು. ನಡುವೆ ಬಂದಾಗ ಬೆರಳಿಗೆ ಕಾಳು ಸಿಕ್ಕಿ ನಮ್ಮ ಮುಖ ನೋಡಿದಳು. ಅಕ್ಕ ತನ್ನ ಊದಿದ ಬೆರಳು ತೋರಿಸಿ ಇರುವೆಯ ಕತೆ ಹೇಳಿದಳು. ಬೆಲ್ಲದ ಗಾತ್ರ ಕೇಳಿ ಅವ್ವ ಅಪ್ಪನನ್ನು ನೋಡಿ ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣಿನಲ್ಲಿ ನೀರು ಬಂತು.

ಕೂಸನ್ನು ಅದರಲ್ಲಿ ಸುತ್ತಿ ಮಲಗಿಸಿದಳು. ಮುಖ ಒಂದು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೊರಗೆ ಮಂಜು ಇಳಿಯತೊಡಗಿತ್ತು. ದೀಪ ಹಚ್ಚಿದ ಮೇಲೆ ಅವ್ವ ನನ್ನನ್ನು ಹತ್ತಿರ ಕರೆದು, ನನ್ನ ಕೈ ಹಿಡಿದು ಕೌದಿಯೊಳಗೆ ಕೂಸಿನ ಎದೆಯ ಮೇಲೆ ಇರಿಸಿದಳು. ಗುಬ್ಬಚ್ಚಿಯದಷ್ಟೇ ಪುಟ್ಟ ಎದೆ, ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಬೆಚ್ಚಗಿತ್ತು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ಪರೀಕ್ಷೆ ಪಾಸಾದಾಗಲೂ ಆಗಿಲ್ಲ.

ಆ ಕೂಸು ಈಗ ನಿಮ್ಮ ಚಿಕ್ಕಜ್ಜಿ. ಪುಟ್ಟೇನಹಳ್ಳಿ ಕೆರೆಯ ಸುತ್ತ ಬೆಳಗ್ಗೆ ಬೆಳಗ್ಗೆ ನಡೆದು, ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸಿ, ಇಲ್ಲಿಗೆ ಬಂದು ನಿಮ್ಮ ಕೆನ್ನೆ ಹಿಂಡುವವಳು ಅವಳೇ. ಅವಳ ಗಂಟಲು ಕೇಳಿದವರಿಗೆ ಅವಳು ಬೊಗಸೆಯಷ್ಟಿದ್ದಳು ಎಂದರೆ ನಂಬಿಕೆ ಬರುವುದಿಲ್ಲ.

ನೀವು ಬೆಳೆಯುತ್ತಿರುವುದು ಅಟ್ಟೂರಿನ ಈ ಮೂರನೇ ಮಹಡಿಯಲ್ಲಿ. ಕೋಗಿಲಿನ ದ್ರಾಕ್ಷಿ ಬಳ್ಳಿಯೂ ಹೋಯಿತು, ಆ ಮಂಜೂ ಹೋಯಿತು. ಬೀರುವಿನ ತುಂಬ ರಗ್ಗುಗಳಿವೆ, ಬೇಕೆಂದರೆ ಫೋನ್ ಒತ್ತಿದರೆ ಬಾಗಿಲಿಗೆ ಇನ್ನೊಂದು ಬರುತ್ತದೆ. ಯಾವ ಕೂಸೂ ಕೌದಿಗಾಗಿ ಕಾಯಬೇಕಾಗಿಲ್ಲ. ಅದು ಒಳ್ಳೆಯದೇ, ನಾನೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ನಿಮ್ಮ ಕಷ್ಟವೇ ಬೇರೆ ಎಂದು ನನಗೆ ಹೋದ ವಾರ ಗೊತ್ತಾಯಿತು. ನಮಗೆ ಅರ್ಧಕ್ಕೆ ಬಿಡಲು ಅವಕಾಶ ಇರಲಿಲ್ಲ, ಹಾಗಾಗಿ ಮುಗಿಯಿತು. ನಿಮಗೆ ಬಿಡಲು ಯಾವಾಗಲೂ ಅವಕಾಶವಿದೆ.

ಹೋದ ವಾರ ನಿಮ್ಮಲ್ಲೊಬ್ಬಳು ಮೊಮ್ಮಗಳು ಫೋನಿನಲ್ಲಿ ವಿಡಿಯೋ ನೋಡಿಕೊಂಡು ಕೌದಿ ಹೊಲಿಯಲು ಕೂತಿದ್ದಳು. ಹೊಸ ಬಟ್ಟೆ, ಅಳತೆಪಟ್ಟಿ, ಚಾಕ್ ಎಲ್ಲ ಇತ್ತು. ಅವಳ ಮನಸ್ಸಿನಲ್ಲಿದ್ದದ್ದು ಮಂಚ ಮುಚ್ಚುವಷ್ಟು ದೊಡ್ಡ ಕೌದಿ. ಸ್ವಲ್ಪ ಹೊತ್ತಿಗೆಲ್ಲ ಸೂಜಿ ಪಕ್ಕಕ್ಕೆ ಎಸೆದಳು. "ಲೈನ್ ಸ್ಟ್ರೈಟ್ ಬರ್ತಾನೇ ಇಲ್ಲ ತಾತ. ಅವ್ರದ್ ನೋಡು, ನಂದ್ ನೋಡು. ಫುಲ್ ವೇಸ್ಟ್ ಇದು!" ಎಂದಳು.

ನನಗೆ ಗೊತ್ತಿದ್ದಷ್ಟು ಹೇಳಿದೆ. ಹೊಸ ಬಟ್ಟೆ ತೆಗೆದಿಡು, ಅಮ್ಮನನ್ನು ಕೇಳಿ ಹಳೆಯ ಕಾಟನ್ ಚೂಡಿದಾರ್ ತೆಗೆದುಕೋ. ಮಂಚದ ಮಾತು ಬಿಡು, ಮೊದಲು ಮಡಿಲಿನಷ್ಟು ಹೊಲಿ. ದಾರ ಮೊಳದುದ್ದಕ್ಕಿಂತ ಹೆಚ್ಚು ಬೇಡ. ಅಂಚಿನಿಂದ ಹೊರಡು. ಸೊಟ್ಟಗಾದರೆ ಅದರ ಪಕ್ಕದಲ್ಲೇ ಇನ್ನೊಂದು ಸಾಲು ಹಾಕು, ಎರಡು ಸೊಟ್ಟ ಸಾಲು ಜೊತೆಗೆ ಹೋದರೆ ಬೇಕೆಂದೇ ಹಾಗೆ ಹೊಲಿದಂತೆ ಕಾಣುತ್ತದೆ. ಇಷ್ಟು ಹೇಳಿ, "ಯಾರಿಗೆ ಹೊಲೀತಿದ್ದೀಯ?" ಎಂದು ಕೇಳಿದೆ.

"ಯಾರಿಗೂ ಅಲ್ಲ, ಸುಮ್ನೆ" ಎಂದಳು.

"ಹಂಗಾದ್ರ ಆಗೂದಿಲ್ಲ. ಯಾರ ಮೈಮ್ಯಾಲ ಹೊದಿಸ್ಬೇಕು ಅನ್ನೂದು ಮೊದಲ ಹೇಳು. ಸೂಜಿ ಆಮ್ಯಾಲ" ಎಂದೆ. ಅವಳು ಮುಖ ಊದಿಸಿಕೊಂಡು ಒಳಗೆ ಹೋದಳು. ಮುದುಕ ಜಾಸ್ತಿ ಮಾತಾಡಿದನೇನೋ ಎಂದು ನನಗೂ ಅನ್ನಿಸಿತು.

ಮಾರನೆಯ ದಿನ ಬೆಳಗ್ಗೆ ಬಾಲ್ಕನಿಯಲ್ಲಿ ಪೇಪರ್ ಓದುತ್ತ ಕೂತಿದ್ದೆ. ಅವಳು ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಅಳತೆಪಟ್ಟಿ ಬಿಚ್ಚಿ ನನ್ನ ಎರಡೂ ಮೊಣಕಾಲಿನ ಸುತ್ತ ಹಿಡಿದಳು. "ಬೆಳಗ್ಗೆ ಎದ್ರೆ ಇಲ್ಲೇ ನೋವು ಅಂತೀಯಲ್ಲ ತಾತ, ಚಳಿಗೆ. ಅಲ್ಲಾಡ್ಬೇಡ, ಕೂತ್ಕೋ" ಎಂದಳು. ನಾನು ಅಲ್ಲಾಡಲಿಲ್ಲ. ಅವಳು ಅಳತೆ ತೆಗೆದುಕೊಂಡು ಹೋದ ಮೇಲೂ ಬಹಳ ಹೊತ್ತು ಹಾಗೇ ಕೂತಿದ್ದೆ.